ದೀಪ ಆರಿದ ಹೊತ್ತಿನ ದಾಸೋಹ

ಬಳ್ಳಾರಿಗೆ ಸಮೀಪದ ಕುಡತಿನಿಯಲ್ಲಿ 1,700 ಮೆಗಾವಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ಆದರೂ ನಗರದ ಬಹುಮಹಡಿ ವಸತಿಗಳಲ್ಲಿ ಸಂಜೆ ದೀಪ ಆರಿದಾಗ, ದೀಪದ ಬುಡದಲ್ಲಿ ಕತ್ತಲೆಯೆಂಬ ಗಾದೆ ನೆನಪಾಗುವುದು ಸಹಜ. ಅಲ್ಲಿ ಹುಟ್ಟಿದ ವಿದ್ಯುತ್ತು ನೇರವಾಗಿ ನಮ್ಮ ಮನೆಗೆ ಬರುವುದಿಲ್ಲ. ನಾಡಿನ ಜಾಲವನ್ನು ಸೇರಿ, ಉಪಕೇಂದ್ರ, ಟ್ರಾನ್ಸ್‌ಫಾರ್ಮರುಗಳನ್ನು ಹಾಯ್ದು ಬರುತ್ತದೆ. ಕೊನೆಯ ತಂತಿಯೊಂದು ಕಡಿದರೂ ಓಣಿಯೇ ಕತ್ತಲಾಗುತ್ತದೆ. 2023ರಂತೆ ಬರ ಬಂದು ಜಲಾಶಯಗಳು ಸೊರಗಿದರೆ ಜಲವಿದ್ಯುತ್ತೂ ಕುಗ್ಗುತ್ತದೆ.

ಸಿರುಗುಪ್ಪ, ಕುರುಗೋಡುಗಳ ಹಳೆಯ ಓಣಿಗಳಲ್ಲಿ ದೀಪ ಆರಿದರೆ ಜನರು ಕಟ್ಟೆಗೆ ಬಂದು ಕೂಡುತ್ತಾರೆ; ಬಾರದವರು ಯಾರೆಂಬುದು ನೆರೆಯವರಿಗೆ ತಾನಾಗಿ ತಿಳಿಯುತ್ತದೆ. ಬಹುಮಹಡಿಯಲ್ಲಿ ಹಾಗಲ್ಲ. ಲಿಫ್ಟು ನಿಲ್ಲುತ್ತದೆ, ಪಂಪು ನಿಂತು ಮೇಲಿನ ತೊಟ್ಟಿಗೆ ನೀರೇರುವುದಿಲ್ಲ. ಮನೆಯ ಇನ್ವರ್ಟರು ಕೆಲವು ದೀಪ, ಫ್ಯಾನುಗಳಿಗಷ್ಟೇ ಆಸರೆ. ಮಕ್ಕಳು ದೂರದ ಊರಿನಲ್ಲಿದ್ದು, ಮೇಲಿನ ಮಹಡಿಯಲ್ಲಿ ಒಬ್ಬರೇ ಇರುವ ವೃದ್ಧ ತಾಯಿಯವರು ಔಷಧಿಗೆಂದು ಕತ್ತಲೆಯಲ್ಲಿ ಮೆಟ್ಟಿಲಿಳಿಯುವುದು ಅಪಾಯಕರ.

ಶರಣರು ಬೋಧಿಸಿದ ದಾಸೋಹವನ್ನು ಅನ್ನ ನೀಡುವುದಕ್ಕೆ ಮಾತ್ರ ಸೀಮಿತಗೊಳಿಸಬಾರದು. ಅಂತಹ ಮನೆಯ ಬಾಗಿಲು ತಟ್ಟಿ ಕ್ಷೇಮ ವಿಚಾರಿಸುವುದು, ಒಂದು ಕೊಡ ನೀರು, ಒಂದು ಬ್ಯಾಟರಿ ಮುಟ್ಟಿಸುವುದೂ ದಾಸೋಹವೇ. ಲಿಫ್ಟಿನಲ್ಲಿ ಯಾರಾದರೂ ಸಿಲುಕಿದ್ದರೆ ಬಾಗಿಲನ್ನು ಬಲವಂತದಿಂದ ಎಳೆಯದೆ, ಹೊರಗಿನಿಂದ ಧೈರ್ಯ ಹೇಳುತ್ತ ತಿಳಿದವರನ್ನು ಕರೆಸಬೇಕು. ಪ್ರತಿ ವಸತಿಯಲ್ಲೂ ಒಂಟಿ ಹಿರಿಯರ ಮನೆಗಳನ್ನು ಮೊದಲೇ ಗುರುತಿಸಿ, ಮಹಡಿಗೊಬ್ಬ ಯುವಕನಿಗೆ ಈ ಹೊಣೆಯನ್ನು ವಹಿಸಬಹುದು.

ಸಂಜೆಯ ಇಷ್ಟಲಿಂಗಪೂಜೆಗೆ ಎಣ್ಣೆಯ ದೀಪವೊಂದು ಸಾಕು. ಆದರೆ ಕತ್ತಲೆಯಾದ ದಿನ, ಆ ಹಿರಿಯರನ್ನು ವಿಚಾರಿಸಿ ಬಂದ ಬಳಿಕವೇ ಪೂಜೆಗೆ ಕೂಡುವುದು ಲೇಸೆಂದು ನಾವು ಭಾವಿಸುತ್ತೇವೆ.