ಡಯಲ್‌ಗೆ ಹೊಸ ಬಣ್ಣ, ವಾಚಿಗೆ ಹಳೆ ವಯಸ್ಸು

ಕೀ ಕೊಡುವ ಹಳೆ ವಾಚೊಂದನ್ನು ಆನ್‌ಲೈನಿನಲ್ಲಿ ಹುಡುಕಿ ನೋಡಿ. ಗಿಳಿ ಹಸಿರು, ಕಿತ್ತಳೆ, ಕಡು ನೀಲಿ ಡಯಲ್‌ಗಳು ಸಾಲುಗಟ್ಟಿ ಎದುರಾಗುತ್ತವೆ. ವಾಚಿಗೆ ಐವತ್ತು ವರ್ಷ, ಡಯಲ್ ಮಾತ್ರ ನಿನ್ನೆ ಅಚ್ಚಾದಂತಿದೆ. ವಿದೇಶಿ ಸಂಗ್ರಾಹಕರು ಇಂಥ ವಾಚುಗಳಿಗೆ ‘ಮುಂಬಯಿ ಸ್ಪೆಷಲ್’ ಎಂದೇ ಹೆಸರಿಟ್ಟಿದ್ದಾರೆ.

ಡಯಲ್‌ಗೆ ಬಣ್ಣ ಹೊಡೆಸುವುದು ತಪ್ಪೇನಲ್ಲ. ಮಳೆಗಾಲದ ತೇವ ಗಾಜಿನೊಳಗೆ ನುಗ್ಗಿ ಡಯಲ್ ಕಲೆಗಟ್ಟಿದರೆ ರಿಪೇರಿಯವರು ಅದನ್ನು ಕೆರೆದು, ಹೊಸ ಬಣ್ಣ ಕೊಟ್ಟು, ಅಕ್ಷರ ಅಚ್ಚು ಹಾಕಿಸಿಕೊಡುತ್ತಿದ್ದರು. ಗಿರಾಕಿಗೆ ಬೇಕಿದ್ದುದೂ ಅದೇ. ಅದನ್ನೇ ‘ಒರಿಜಿನಲ್’ ಎಂದು ಮಾರುವುದು ಮಾತ್ರ ಮೋಸ. ಸಂಗ್ರಾಹಕರಿಗೆ ಕಲೆ ಬಿದ್ದ ಅಸಲಿ ಡಯಲ್ ಹೊಳೆಯುವ ಹೊಸ ಡಯಲ್‌ಗಿಂತ ಬೆಲೆಬಾಳುವಂಥದ್ದು.

ಗುರುತು ಹಿಡಿಯಲು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ ಇದ್ದರೆ ಸಾಕು. ಕಾರ್ಖಾನೆಯಲ್ಲಿ ಕೊರೆದ ಫಲಕಕ್ಕೆ ಶಾಯಿ ಬಳಿದು, ಮೆತ್ತನೆಯ ಪ್ಯಾಡಿನಿಂದ ಅದನ್ನೆತ್ತಿ ಡಯಲ್ ಮೇಲೆ ಒತ್ತುತ್ತಾರೆ. ಹಾಗಾಗಿ ಅತಿ ಸಣ್ಣ ಅಕ್ಷರದ ಅಂಚೂ ಚೂಪಾಗಿರುತ್ತದೆ. ಕಳಪೆ ಮರುಅಚ್ಚಿನಲ್ಲಿ ಅಕ್ಷರಗಳು ಊದಿಕೊಂಡು ಒಂದಕ್ಕೊಂದು ಅಂಟುತ್ತವೆ, ಸಾಲು ಓರೆಯಾಗುತ್ತದೆ. ಆರು ಗಂಟೆಯ ಕೆಳಗೆ ‘ಸ್ವಿಸ್ ಮೇಡ್’ ಎಂಬುದು ಮಾಯವಾಗಿರುತ್ತದೆ, ಇಲ್ಲವೇ ಅಂಚಿಗೆ ಸಿಕ್ಕಿ ಅರ್ಧ ಕತ್ತರಿಸಿರುತ್ತದೆ. ನಿಮಿಷದ ಗೆರೆ ಗಂಟೆ ಗುರುತಿನ ನಡುವಿಗೆ ಕೂಡುವುದಿಲ್ಲ. ಸೆಕೆಂಡಿನ ಪುಟ್ಟ ವೃತ್ತದೊಳಗಿನ ನವಿರಾದ ಸುತ್ತುಗೆರೆಗಳು ಬಣ್ಣ ತುಂಬಿ ಮುಚ್ಚಿಹೋಗಿರುತ್ತವೆ.

ಇನ್ನು ಕತ್ತಲಲ್ಲಿ ಹೊಳೆಯುವ ಬಣ್ಣ. ಇದು ವಾಚಿನ ವಯಸ್ಸನ್ನೇ ಬಿಟ್ಟುಕೊಡುತ್ತದೆ.

1960ರ ದಶಕದವರೆಗೆ ಈ ಬಣ್ಣದಲ್ಲಿ ಇರುತ್ತಿದ್ದುದು ರೇಡಿಯಂ ಮತ್ತು ಜಿಂಕ್ ಸಲ್ಫೈಡ್. ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಪಟ್ಟಣದಲ್ಲಿ ಡಯಲ್‌ಗೆ ಈ ಬಣ್ಣ ಬರೆಯುತ್ತಿದ್ದ ಹುಡುಗಿಯರಿಗೆ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳಲು ಕಲಿಸಿದ್ದರು. ಅವರ ದವಡೆಯ ಮೂಳೆ ಕೊಳೆಯಿತು, ಹಲವರು ಸತ್ತರು. ಗ್ರೇಸ್ ಫ್ರಯರ್ ಮತ್ತು ನಾಲ್ವರು ಸಂಗಾತಿಗಳು ಹೂಡಿದ ಮೊಕದ್ದಮೆ 1928ರಲ್ಲಿ ರಾಜಿಯಲ್ಲಿ ಮುಗಿಯಿತು. ಹಳೆ ಡಯಲ್ ಕೈಗೆತ್ತಿಕೊಳ್ಳುವವರು ಈ ಹೆಣ್ಣುಮಕ್ಕಳನ್ನು ಮರೆಯಬಾರದು.

ರೇಡಿಯಂನ ಅರ್ಧಾಯುಷ್ಯ ಸುಮಾರು 1,600 ವರ್ಷ. ಅರವತ್ತು ವರ್ಷ ಕಳೆದರೂ ಅದರ ಶೇ 97ರಷ್ಟು ಅಲ್ಲೇ ಇರುತ್ತದೆ. ಅದರ ವಿಕಿರಣದ ಏಟಿಗೆ ಜಿಂಕ್ ಸಲ್ಫೈಡ್ ಹಾಳಾಗಿರುವುದರಿಂದ ಹೊಳಪು ಮಾತ್ರ ಸತ್ತಿರುತ್ತದೆ. ಆಮೇಲೆ ಬಂದ ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಅರವತ್ತು ವರ್ಷಕ್ಕೆ ಸುಮಾರು ಶೇ 3ರಷ್ಟು ಮಾತ್ರ ಉಳಿಯುತ್ತದೆ. ಟ್ರಿಟಿಯಂ ಡಯಲ್‌ಗಳ ಕೆಳಗೆ ‘ಟಿ ಸ್ವಿಸ್ ಟಿ’ ಎಂಬಂಥ ಗುರುತು ಇರುತ್ತದೆ. 1950ರ ವಾಚಿನಲ್ಲಿ ಆ ಗುರುತು ಕಂಡರೆ ಡಯಲ್ ಆಮೇಲೆ ಬಂದದ್ದೆಂದೇ ಲೆಕ್ಕ.

ನೋಟು ಪರೀಕ್ಷಿಸುವ ಅಲ್ಟ್ರಾವಯಲೆಟ್ ಟಾರ್ಚಿನ ಬೆಳಕನ್ನು ಡಯಲ್ ಮೇಲೆ ಬಿಟ್ಟು ನೋಡಬೇಕು. ಹಳೆ ಟ್ರಿಟಿಯಂ ಬಣ್ಣ ಮಿನುಗಿದರೂ ಬೆಳಕು ತೆಗೆದೊಡನೆ ನಂದುತ್ತದೆ. ಹಸಿರಾಗಿ ಉಜ್ವಲಿಸಿ ಬಹಳ ಹೊತ್ತು ಉರಿದರೆ ಅದು 1990ರ ದಶಕದಲ್ಲಿ ಜಪಾನಿನಿಂದ ಬಂದ ಲ್ಯುಮಿನೋವಾ ಜಾತಿಯ ಬಣ್ಣ. ಹಳತಾಗಿ ಕಾಣಲೆಂದು ಅದಕ್ಕೆ ಕಂದು ಬೆರೆಸುವವರಿದ್ದಾರೆ. ಟಾರ್ಚಿಗೆ ಆ ವೇಷ ನಿಲ್ಲುವುದಿಲ್ಲ. ಡಯಲ್ ಉರಿದು ಮುಳ್ಳುಗಳು ಸುಮ್ಮನಿದ್ದರೂ ಅನುಮಾನಪಡಬೇಕು. ಅಸಲಿತನಕ್ಕೆ ಒಳ್ಳೆಯ ಸಾಕ್ಷಿಯೊಂದಿದೆ: ರೇಡಿಯಂ ಮುಳ್ಳು ವರ್ಷಗಟ್ಟಲೆ ನಿಂತ ಜಾಗದಲ್ಲಿ ಡಯಲ್ ಕಂದಿ, ಮುಳ್ಳಿನದೇ ಆಕಾರದ ಕಂದು ನೆರಳು ಮೂಡಿರುತ್ತದೆ.

ರೇಡಿಯಂ ಬಣ್ಣದ ವಾಚನ್ನು ಮನೆಯಲ್ಲಿ ಬಿಚ್ಚಬಾರದು. ಉದುರಿದ ಪುಡಿ ಉಸಿರಿನೊಡನೆ ಒಳಹೋದರೆ ಅಪಾಯ.

ನಮ್ಮಲ್ಲಿ ಹೆಚ್ಚು ಗೊಂದಲ ಎಚ್‌ಎಂಟಿಯದು. 1961ರಲ್ಲಿ ಸಿಟಿಜನ್ ಸಹಯೋಗದಿಂದ ಬೆಂಗಳೂರಿನಲ್ಲಿ ವಾಚು ತಯಾರಿಕೆಗಿಳಿದ ಸಂಸ್ಥೆಯ ಜನತಾ, ಪೈಲಟ್ ಎರಡರಲ್ಲೂ ಸಾಮಾನ್ಯವಾಗಿ ಒಂದೇ ಬಗೆಯ 17 ಜ್ಯುವೆಲ್ ಯಂತ್ರ. ಹೀಗಾಗಿ ಜನತಾ ವಾಚಿಗೆ ಪೈಲಟ್ ಹೆಸರಿನ ಹೊಸ ಡಯಲ್ ಕೂರಿಸುವುದು ಸುಲಭ. ಕೊಳ್ಳುವ ಮೊದಲು ಜಾಲಹಳ್ಳಿಯ ಎಚ್‌ಎಂಟಿ ಮ್ಯೂಸಿಯಂಗೆ ಹೋಗಿ, ಅಲ್ಲಿರುವ ವಾಚುಗಳ ಅಕ್ಷರ, ಅಂಕಿ, ಮುಳ್ಳುಗಳನ್ನು ಕಣ್ಣಿಗೆ ರೂಢಿ ಮಾಡಿಕೊಂಡು ಬರಬಹುದು.