ಚರ್ಮದ ಚಿಕಿತ್ಸೆಗೆ ಅಳತೆಗೋಲು ಯಾವುದು?

ಒಂದು ಚರ್ಮರೋಗ ವಿಭಾಗ ಚೆನ್ನಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಏನನ್ನು ಎಣಿಸಬೇಕು? ಬಂದ ರೋಗಿಗಳ ಸಂಖ್ಯೆ, ತೆಗೆದ ಬಯಾಪ್ಸಿ, ಹಂಚಿದ ಮುಲಾಮು ಇವೆಲ್ಲ ರಿಜಿಸ್ಟರಿನಲ್ಲೇ ಸಿಗುತ್ತವೆ. ಆರೋಗ್ಯಸೇವೆಯ ಗುಣಮಟ್ಟದ ಅಧ್ಯಯನಕ್ಕೆ ಅಡಿಪಾಯ ಹಾಕಿದ ಆವೆಡಿಸ್ ಡೊನಬೇಡಿಯನ್ 1966ರಲ್ಲಿ ಮೂರು ನೆಲೆಗಳನ್ನು ಗುರುತಿಸಿದರು: ಇರುವ ಸೌಕರ್ಯ, ನಡೆದ ಚಿಕಿತ್ಸೆ, ಸಿಕ್ಕ ಫಲ. ಮೊದಲೆರಡನ್ನು ಎಣಿಸುವುದು ಸುಲಭ. ರೋಗಿಗೆ ಬೇಕಾದದ್ದು ಮೂರನೆಯದು. ಚರ್ಮದ ವಿಷಯದಲ್ಲಿ ಫಲವನ್ನು ಅಳೆಯದ ಯಾವ ಲೆಕ್ಕವೂ ನಮ್ಮನ್ನು ದಾರಿ ತಪ್ಪಿಸಬಹುದು.

ಕುಷ್ಠರೋಗವನ್ನೇ ನೋಡಿ. 10,000 ಜನರಲ್ಲಿ ಚಿಕಿತ್ಸೆ ಪಡೆಯುತ್ತಿರುವವರು ಒಬ್ಬರಿಗಿಂತ ಕಡಿಮೆಯಾದಾಗ, 2005ರಲ್ಲಿ, ಭಾರತ ರಾಷ್ಟ್ರಮಟ್ಟದಲ್ಲಿ ನಿರ್ಮೂಲನದ ಗುರಿ ಮುಟ್ಟಿತು. ಅದು ನಿಜವಾದ ಸಾಧನೆ. ಆದರೆ ಈ ಅಳತೆಯ ಸ್ವಭಾವ ತಿಳಿದಿರಬೇಕು. ಹಿಂದೆ ವರ್ಷಗಟ್ಟಲೆ ಡ್ಯಾಪ್ಸೋನ್ ಮಾತ್ರೆ ನುಂಗುತ್ತಿದ್ದವರು ಪಟ್ಟಿಯಲ್ಲೇ ಉಳಿಯುತ್ತಿದ್ದರು. ಬಹುಔಷಧ ಚಿಕಿತ್ಸೆ 6 ಅಥವಾ 12 ತಿಂಗಳಿಗೆ ಮುಗಿಯುವುದರಿಂದ ಹೆಸರು ಬೇಗ ಪಟ್ಟಿಯಿಂದ ಇಳಿಯುತ್ತದೆ. ಹೊಸ ಸೋಂಕು ಅಷ್ಟೇ ಇದ್ದರೂ ಸಂಖ್ಯೆ ಕುಗ್ಗುತ್ತದೆ. ಇಂದಿಗೂ ಜಗತ್ತಿನ ಹೊಸ ಕುಷ್ಠರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತದವರು. ಸೇವೆಯ ಗುಣವನ್ನು ಹೆಚ್ಚು ನಿಖರವಾಗಿ ಹೇಳುವುದು ಇನ್ನೊಂದು ಅಳತೆ: ರೋಗ ಪತ್ತೆಯಾದ ದಿನವೇ ಎಷ್ಟು ಜನರಲ್ಲಿ ಕಣ್ಣಿಗೆ ಕಾಣುವ ಊನವಿತ್ತು? ಮುಟ್ಟಿದ್ದು ತಿಳಿಯದ ಮಸುಕು ಮಚ್ಚೆಯ ಹಂತದಲ್ಲೇ ಹಿಡಿದಿದ್ದರೆ ಬೆರಳು ಮಡಚಿಕೊಳ್ಳುತ್ತಿರಲಿಲ್ಲ. ಮಡಚಿದ ಒಂದೊಂದು ಬೆರಳೂ ತಡವಾದ ತಪಾಸಣೆಯ ಗುರುತು. ಹೊಸ ರೋಗಿಗಳಲ್ಲಿ ಮಕ್ಕಳಿದ್ದರೆ ಸೋಂಕು ಈಗಲೂ ಹರಡುತ್ತಿದೆ ಎಂದರ್ಥ.

ಸೋರಿಯಾಸಿಸ್ ಇದೇ ಮಾತನ್ನು ಬೇರೆ ಬಗೆಯಲ್ಲಿ ಹೇಳುತ್ತದೆ. 1978ರಿಂದ ಬಳಕೆಯಲ್ಲಿರುವ ಪಾಸಿ ಎಂಬ ಅಂಕ ಮಚ್ಚೆಯ ಕೆಂಪು, ದಪ್ಪ, ಹೊಟ್ಟು, ಅದು ಹರಡಿದ ವಿಸ್ತಾರ ಇವನ್ನೆಲ್ಲ ಕೂಡಿ 0ಯಿಂದ 72ರವರೆಗೆ ಲೆಕ್ಕ ಹಾಕುತ್ತದೆ. ರೋಗ ಅಂಗೈಗೆ ಮಾತ್ರ ಬಂದರೆ ವಿಸ್ತಾರ ಚಿಕ್ಕದು, ಅಂಕವೂ ಕಡಿಮೆ. ಆದರೆ ಬಿರಿದ ಅಂಗೈಯಲ್ಲಿ ಮುದ್ದೆ ಕಟ್ಟಲಾಗದು, ಕುಡುಗೋಲು ಹಿಡಿಯಲಾಗದು. ಈ ಕೊರತೆ ತುಂಬುವಂತೆ 1994ರಲ್ಲಿ ಫಿನ್ಲೆ ಮತ್ತು ಖಾನ್ ಎಂಬ ಸಂಶೋಧಕರು ಬದುಕಿನ ಗುಣಮಟ್ಟ ಅಳೆಯುವ ಹತ್ತು ಪ್ರಶ್ನೆಗಳ ಡಿಎಲ್‌ಕ್ಯೂಐ ಪಟ್ಟಿಯನ್ನು ಪ್ರಕಟಿಸಿದರು. ಕಳೆದ ಒಂದು ವಾರದಲ್ಲಿ ತುರಿಕೆ, ಮುಜುಗರ, ಬಟ್ಟೆಯ ಆಯ್ಕೆ, ಕೆಲಸ, ಆಪ್ತರೊಂದಿಗಿನ ಒಡನಾಟ ಹೇಗಿತ್ತೆಂದು ಅದು ಕೇಳುತ್ತದೆ. ಒಟ್ಟು ಅಂಕ 30. 10 ದಾಟಿದರೆ ರೋಗ ಬದುಕನ್ನು ಬಹಳವಾಗಿ ಕಾಡುತ್ತಿದೆ ಎಂದು ತಿಳಿಯುತ್ತಾರೆ.

ರೋಗಿಯ ಹೇಳಿಕೆಯನ್ನು ಹೇಗೆ ನಂಬುವುದು ಎಂಬ ಆಕ್ಷೇಪವಿದೆ. ಆದರೆ ತುರಿಕೆ ಗೊತ್ತಾಗುವುದು ಅದನ್ನು ಅನುಭವಿಸುವವರಿಗೆ ಮಾತ್ರ. ಅವರನ್ನು ಕೇಳದೆ ಅಳೆಯುವ ದಾರಿಯೇ ಇಲ್ಲ. ಪ್ರಶ್ನೆಗಳು ಎಲ್ಲರ ಬದುಕಿಗೂ ಹೊಂದವು ಎಂಬ ಮಾತಿನಲ್ಲಿ ಹೆಚ್ಚು ಸತ್ಯವಿದೆ. ಆಟವಾಡದವರು ಆಟದ ಪ್ರಶ್ನೆಗೆ ‘ಅನ್ವಯಿಸದು’ ಎಂದರೆ ಸೊನ್ನೆ ಬೀಳುತ್ತದೆ, ಅವರ ಕಷ್ಟ ಅಂಕದಲ್ಲಿ ಕಿರಿದಾಗುತ್ತದೆ. ಇದಕ್ಕೆ ಪರಿಹಾರ ನಮ್ಮ ಜನರ ದುಡಿಮೆಗೂ ನುಡಿಗೂ ಒಗ್ಗುವಂತೆ ಪ್ರಶ್ನೆಗಳನ್ನು ಪರೀಕ್ಷಿಸಿ ತಿದ್ದುವುದು, ಕೇಳುವುದನ್ನೇ ಬಿಡುವುದಲ್ಲ. ಇನ್ನು, ಫಲವನ್ನು ಅಳೆದರೆ ಕಠಿಣ ರೋಗಿಗಳನ್ನು ನೋಡುವ ದೊಡ್ಡ ಆಸ್ಪತ್ರೆಗೇ ಕೆಟ್ಟ ಹೆಸರು ಬರುತ್ತದೆಂಬ ಭಯ. ಆರಂಭದಲ್ಲಿದ್ದ ತೀವ್ರತೆಯನ್ನೂ ಬರೆದಿಟ್ಟು ಹೋಲಿಸಿದರೆ ಈ ಅನ್ಯಾಯ ಬಹುಮಟ್ಟಿಗೆ ತಪ್ಪುತ್ತದೆ.

ಪರಿಪೂರ್ಣ ಅಳತೆಗೋಲಿಗಾಗಿ ಕಾಯಬೇಕಿಲ್ಲ. ಪ್ರತಿ ಚರ್ಮರೋಗ ವಿಭಾಗವೂ ಮೊದಲ ಭೇಟಿಯಲ್ಲಿ ಮತ್ತು ಚಿಕಿತ್ಸೆಯ ನಂತರ ಎರಡು ವಿಷಯ ಬರೆದಿಡಲಿ: ಚರ್ಮ ಹೇಗಿದೆ, ಆ ಚರ್ಮ ಹೊತ್ತವರು ಹೇಗಿದ್ದಾರೆ. ಈ ಎರಡನೆಯದಕ್ಕೂ ಜಾಗವಿಲ್ಲದ ರಿಜಿಸ್ಟರು ಅರ್ಧ ಖಾಲಿ.