ಜೀಪಿನ ಹಿಂಚಕ್ರದ ಎಣ್ಣೆಸೋರಿಕೆ

ಸಮುದ್ರಮಟ್ಟದಿಂದ ಸುಮಾರು 3,800 ಅಡಿ ಎತ್ತರದ ಮಡಿಕೇರಿಯಿಂದ ಸಂಪಾಜೆಯ ಘಾಟಿಯನ್ನಿಳಿಯುವವರಿಗೆ ಬ್ರೇಕೇ ಪ್ರಾಣರಕ್ಷಕವು. ಕಳೆದ ವರ್ಷದ ಮಳೆಗಾಲದಲ್ಲಿ ಮೊಮ್ಮಕ್ಕಳೊಡನೆ ನಾವು ಆ ದಾರಿಯಲ್ಲಿಳಿಯುತ್ತಿರುವಾಗ, ಬ್ರೇಕನ್ನೊತ್ತಿದೊಡನೆ ನಮ್ಮ ಹಳೆಯ ಜೀಪು ಬಲಕ್ಕೆ ಎಳೆಯಿತು. ಮನೆಗೆ ಬಂದು ನೋಡಲಾಗಿ, ಎಡದ ಹಿಂಚಕ್ರದ ಒಳಮೈಯಲ್ಲಿ ಗೇರ್ ಎಣ್ಣೆ ಇಳಿದಿದ್ದಿತು.

ಆಕ್ಸಲ್ಲಿನ ತುದಿಯಲ್ಲಿರುವ ಆಯಿಲ್ ಸೀಲೆಂಬ ರಬ್ಬರಿನ ಬಳೆಯು ಕೆಟ್ಟರೆ, ಎಣ್ಣೆಯು ಡ್ರಮ್ಮಿನೊಳಕ್ಕೆ ಹರಿದು ಬ್ರೇಕಿನ ಹಿಡಿತವನ್ನು ಕೆಡಿಸುವುದು. ಆ ಸೀಲನ್ನು ಅದಾಗಲೇ ಎರಡು ಸಲ ಬದಲಿಸಿಯಾಗಿದ್ದಿತು. ಸೋರಿಕೆ ಮಾತ್ರ ನಿಂತಿರಲಿಲ್ಲ.

ವೈದ್ಯನು ನಿದಾನವನ್ನರಿತ ಬಳಿಕವಷ್ಟೆ ಚಿಕಿತ್ಸೆಗೆ ಕೈಹಾಕುವನು. ನಾವೂ ಮಗನೊಡನೆ ಕುಳಿತು ಕಾರಣವನ್ನರಸಿದೆವು. ಆಕ್ಸಲ್ಲಿನ ಕವಚದ ಮೇಲೆ ಬ್ರೀದರೆಂಬ ಚಿಕ್ಕ ಉಸಿರುಗಂಡಿಯುಂಟು. ತೋಟದ ಕೆಸರು ಅದನ್ನು ಮುಚ್ಚಿಬಿಟ್ಟಿದ್ದಿತು. ಓಟದಲ್ಲಿ ಕಾದ ಗಾಳಿಯು ಹೊರಬೀಳಲಾರದೆ, ಎಣ್ಣೆಯನ್ನು ಸೀಲಿನ ಅಂಚಿನಿಂದ ಹೊರಕ್ಕೆ ನೂಕುತ್ತಿದ್ದಿತು.

ಮುಂದಿನ ಚಕ್ರಗಳಿಗೆ ಅಡ್ಡಗಲ್ಲಿಟ್ಟು, ಜಾಕಿಯೊಂದನ್ನೇ ನಂಬದೆ ಹಿಂಭಾಗವನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಡ್ರಮ್ಮನ್ನೂ ಶಾಫ್ಟನ್ನೂ ಹೊರತೆಗೆದೆವು. ಶಾಫ್ಟಿನಲ್ಲಿ ಬೆರಳಿಗೆ ಸಿಕ್ಕುವ ಗೀರಿರಲಿಲ್ಲ. ಇದ್ದಿದ್ದರೆ ಹೊಸ ಸೀಲೂ ವ್ಯರ್ಥವಾಗುತ್ತಿದ್ದಿತು. ಹೊಸ ಸೀಲಿನ ತುಟಿಯನ್ನು ಒಳಗೆ ಎಣ್ಣೆಯಿರುವ ಕಡೆಗೆ ತಿರುಗಿಸಿ, ಎಣ್ಣೆ ಸವರಿ, ಮರದ ತುಂಡಿಟ್ಟು ಸಮನಾಗಿ ತಟ್ಟಿ ಕೂರಿಸಿದೆವು. ಎಣ್ಣೆ ಕುಡಿದ ಬ್ರೇಕ್ ಲೈನಿಂಗನ್ನು ತೊಳೆದು ಬಳಸತಕ್ಕದ್ದಲ್ಲ; ಎರಡೂ ಹಿಂಚಕ್ರಗಳಿಗೆ ಹೊಸದನ್ನೇ ಹಾಕಿದೆವು. ಕಡೆಯಲ್ಲಿ ಉಸಿರುಗಂಡಿಯನ್ನು ಶುದ್ಧಗೊಳಿಸಿ, ಎಣ್ಣೆಯನ್ನು ತುಂಬುವ ರಂಧ್ರದ ಕೆಳಅಂಚಿನವರೆಗೆ ಭರ್ತಿಮಾಡಿದೆವು.

ಈ ವರ್ಷದ ಮಳೆಗಾಲವೂ ಕಳೆಯಿತು. ಚಕ್ರದಲ್ಲಿ ಎಣ್ಣೆಯ ಪಸೆಯಿಲ್ಲ. ವಾಚಕರು ಹೊಸ ಸೀಲನ್ನು ಕೊಳ್ಳುವ ಮೊದಲು ಆ ಉಸಿರುಗಂಡಿಯನ್ನೊಮ್ಮೆ ನೋಡಲಿ ಎಂಬುದೇ ನಮ್ಮ ವಿಜ್ಞಾಪನೆ.